ದೋಣಿ ಪಂದ್ಯಕ್ಕೆ ಟಿಟಿ ಬುಕ್ ಮಾಡೋ ಮುಂಚೆ: ದಿನಾಂಕ ಸರಿದರೆ ಅಡ್ವಾನ್ಸ್ ಕಥೆ ಏನು?

ಕುಪ್ಪಳ್ಳಿ: ಗದ್ದೆ ನಾಟಿ ಮುಗಿದು, ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆದು ಕೈ ಸ್ವಲ್ಪ ಬಿಡುವಾಗುವ ಹೊತ್ತಿಗೆ ಮಲೆನಾಡಿನಲ್ಲಿ ಟೂರಿನ ಮಾತು ಶುರುವಾಗುತ್ತೆ. ಹನ್ನೆರಡೋ ಹದಿನೈದೋ ಜನ ಸೇರಿ ಒಂದು ಟಿಟಿ ಮಾಡಿಕೊಂಡರೆ ತಲೆಗೆ ಬೀಳೋ ಖರ್ಚು ಕಮ್ಮಿ. ಆಗಸ್ಟ್‌ನಲ್ಲಿ ಇಂಥ ಪಟ್ಟಿಯಲ್ಲಿ ಬರುವ ಹೆಸರು ಕೇರಳದ ಆಲಪ್ಪುಳದ ನೆಹರು ಟ್ರೋಫಿ ದೋಣಿ ಪಂದ್ಯ. ನೋಡಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಣ ಕೂಡಿಸಿ ಅಡ್ವಾನ್ಸ್ ಕೊಡೋ ಮುಂಚೆ ಈ ಪಂದ್ಯದ ದಿನಾಂಕದ ಚರಿತ್ರೆಯನ್ನು ಒಮ್ಮೆ ನೋಡೋದು ಒಳ್ಳೇದು.

ಆಗಸ್ಟ್ ತಿಂಗಳ ಎರಡನೇ ಶನಿವಾರ ಪಂದ್ಯ ಅನ್ನೋದು ಹಳೇ ರೂಢಿ. ಎಷ್ಟೋ ಜನ ಇವತ್ತಿಗೂ ಹಾಗೇ ಅಂದುಕೊಂಡಿದ್ದಾರೆ. ನಿಜ ಸ್ಥಿತಿ ಬೇರೆ. 2018ರಲ್ಲಿ ಆಗಸ್ಟ್ 11ಕ್ಕೆ ಗೊತ್ತಾಗಿದ್ದ ಪಂದ್ಯ ಪ್ರವಾಹದಿಂದ ನವೆಂಬರ್ 10ಕ್ಕೆ ಹೋಯ್ತು. 2019ರಲ್ಲಿ ಮತ್ತೆ ಮಳೆ, ಆಗಸ್ಟ್ 10ರದ್ದು 31ಕ್ಕೆ. 2020, 2021ರಲ್ಲಿ ಕೊರೊನಾದಿಂದಾಗಿ ಪಂದ್ಯವೇ ಇಲ್ಲ. 2022ರಲ್ಲಿ ಸೆಪ್ಟೆಂಬರ್ 4, ಅದೂ ಭಾನುವಾರ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತಾಗ, ಆಗಸ್ಟ್ 10ರ ಪಂದ್ಯವನ್ನು ಸೆಪ್ಟೆಂಬರ್ 28ಕ್ಕೆ ಮುಂದೂಡಿದರು. 2025ರಲ್ಲಿ ಓಣಂ ಹತ್ತಿರಕ್ಕೆ ತಂದು ಆಗಸ್ಟ್ 30ಕ್ಕೆ ಇಟ್ಟರು. ಲೆಕ್ಕ ಹಾಕಿದರೆ 2018ರಿಂದ 2025ರವರೆಗಿನ ಎಂಟು ವರ್ಷದಲ್ಲಿ ಹಳೇ ದಿನಕ್ಕೆ ಸರಿಯಾಗಿ ನಡೆದದ್ದು 2023ರಲ್ಲಿ ಒಂದೇ ಸಲ!

ಇದರಲ್ಲಿ ಕೇರಳದವರ ತಪ್ಪು ಹುಡುಕುವಂಥದ್ದೇನೂ ಇಲ್ಲ. ಸಾವಿನ ಮನೆಯ ಪಕ್ಕದಲ್ಲಿ ಯಾರೂ ಹಬ್ಬ ಮಾಡಲ್ಲ. ಹಾಗಂತ 2024ರಲ್ಲಿ ಪಂದ್ಯವನ್ನೇ ಕೈಬಿಡೋಕೂ ಆಗಲಿಲ್ಲ, ತಿಂಗಳುಗಟ್ಟಲೆ ತರಬೇತಿಗೆ ದುಡ್ಡು ಸುರಿದಿದ್ದ ಬೋಟ್ ಕ್ಲಬ್‌ಗಳು ಪಂದ್ಯ ನಡೀಲೇಬೇಕು ಅಂತ ಪಟ್ಟು ಹಿಡಿದವು. ಕೊನೆಗೆ ಆ ವರ್ಷ ಕಾರಿಚ್ಚಾಲ್ ದೋಣಿ ಗೆದ್ದದ್ದು ವೀಯಪುರಂ ದೋಣಿಗಿಂತ 0.005 ಸೆಕೆಂಡ್ ಅಂತರದಲ್ಲಿ. ಅದರ ಮೇಲೂ ತಕರಾರು ಎದ್ದಿತು. ಮರುವರ್ಷ ವೀಯಪುರಂ ಗೆದ್ದು ಲೆಕ್ಕ ಚುಕ್ತಾ ಮಾಡಿತು.

ನಮ್ಮ ಕಡೆಯವರಿಗೆ ದಿನ ಸರಿಯೋದರ ಪೆಟ್ಟು ಬೇರೆ ರೀತಿ ಬೀಳುತ್ತೆ. ಎರಡನೇ ಶನಿವಾರ ಅಂದರೆ ಬ್ಯಾಂಕು, ಸರ್ಕಾರಿ ಕಚೇರಿಗೆ ರಜೆ. ಭಾನುವಾರ ಸೇರಿ ಎರಡು ದಿನ ಸಿಗುತ್ತೆ. 2025ರ ಆಗಸ್ಟ್ 30 ಐದನೇ ಶನಿವಾರ, ಕೆಲಸದ ದಿನ. ಅಂಗಡಿಯವರ ಕಷ್ಟ ಇನ್ನೂ ಜಾಸ್ತಿ. ಆ ವರ್ಷ ಚೌತಿ ಬಂದಿದ್ದು ಆಗಸ್ಟ್ 27ಕ್ಕೆ. ಹೂವು, ಹಣ್ಣು, ಕಿರಾಣಿ, ಬಟ್ಟೆ ಅಂಗಡಿಯವರು ಗಣಪತಿ ವ್ಯಾಪಾರದ ವಾರದಲ್ಲಿ ಗಲ್ಲಾ ಬಿಟ್ಟು ಮೂರು ದಿನ ಹೋಗೋದು ಆಗದ ಮಾತು. ಓಣಂ ಹತ್ತಿರಕ್ಕೆ ಪಂದ್ಯ ಬಂದಷ್ಟೂ ನಮ್ಮ ಚೌತಿಗೂ ಹತ್ತಿರ ಬರುತ್ತೆ.

ದಾರಿಯ ವಿಷಯ. ಕುಪ್ಪಳ್ಳಿಯಿಂದ ಆಗುಂಬೆ, ಉಡುಪಿ, ಮಂಗಳೂರು, ಕೋಝಿಕ್ಕೋಡ್, ಕೊಚ್ಚಿ ಮೇಲೆ ಆಲಪ್ಪುಳಕ್ಕೆ ಸುಮಾರು 600 ಕಿ.ಮೀ. ಕೇರಳದಲ್ಲಿ ಪಂದ್ಯ ಮುಂದೂಡುವಷ್ಟು ಮಳೆ ಸುರಿದರೆ ಅದೇ ಮುಂಗಾರು ಇಲ್ಲಿ ಆಗುಂಬೆ ಘಾಟಿಯ ಮೇಲೂ ಇರುತ್ತೆ. ಮಳೆಗಾಲದಲ್ಲಿ ಘಾಟಿಯಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಬೀಳೋದು ಹೊಸದೇನಲ್ಲ, ಬಸ್ ಮಾಡಿಕೊಂಡು ಹೊರಡುವವರು ಇದನ್ನು ಮರೆಯಬಾರದು. ಗಾಡಿ ಹಳದಿ ಬೋರ್ಡ್ ಆಗಿರಬೇಕು, ಕೇರಳದ ಪರ್ಮಿಟ್ ಮತ್ತು ತೆರಿಗೆ ಯಾರ ಲೆಕ್ಕ ಅಂತ ಮೊದಲೇ ಮಾತಾಡಿಕೊಳ್ಳಬೇಕು. ಪರಿಚಯದವರದ್ದು ಅಂತ ಬಿಳಿ ಬೋರ್ಡ್ ಗಾಡಿಯಲ್ಲಿ ಬಾಡಿಗೆಗೆ ಹೋದರೆ ಅಪಘಾತವಾದ ದಿನ ವಿಮೆಯವರು ಕೇಳೋ ಪ್ರಶ್ನೆಗೆ ಉತ್ತರ ಇರಲ್ಲ. ಅಡ್ವಾನ್ಸ್ ಚೀಟಿಯಲ್ಲಿ ಬರೀ ತಾರೀಖು ಬರೆಸದೆ ‘ಪಂದ್ಯ ಮುಂದೆ ಹೋದರೆ ಗಾಡಿಯೂ ಅದೇ ದಿನಕ್ಕೆ’ ಅಂತ ಒಂದು ಸಾಲು ಬರೆಸಿಕೊಂಡರೆ ಮುಂದೆ ಸ್ನೇಹಿತರ ನಡುವೆ ಮನಸ್ತಾಪ ತಪ್ಪುತ್ತೆ. ಇಂಥ ಟೂರಲ್ಲಿ ದುಡ್ಡು ಕೂಡಿಸಿದವನೇ ಕೊನೆಗೆ ಎಲ್ಲರ ಬಾಯಿಗೆ ಸಿಕ್ಕಿಬೀಳೋದು.

ರೈಲು ಇದಕ್ಕಿಂತ ವಾಸಿ. ಮಂಗಳೂರಿಂದ ಸಂಜೆ ಹೊರಡುವ ಮಾವೇಲಿ ಎಕ್ಸ್‌ಪ್ರೆಸ್ ಆಲಪ್ಪುಳದ ಮೇಲೇ ಹೋಗುತ್ತೆ. ಉಡುಪಿಯಲ್ಲಿ ಹತ್ತುವವರಿಗೆ ನೇತ್ರಾವತಿ ಇದೆ. ಟಿಕೆಟ್ ರದ್ದಾದರೆ ಸ್ವಲ್ಪ ಹಿಡಿದುಕೊಂಡು ಉಳಿದದ್ದು ವಾಪಸ್ ಬರುತ್ತೆ. ಆದರೆ ಈಗ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಅಷ್ಟರೊಳಗೆ ದಿನಾಂಕ ಘೋಷಣೆ ಆಗಿದೆಯಾ ನೋಡಿಯೇ ಕೈ ಹಾಕಬೇಕು.

ಅಲ್ಲಿ ಹೋಗಿ ನೋಡೋದೇನು? ನೂರು ಅಡಿಗೂ ಮೀರಿದ ಚುಂಡನ್ ದೋಣಿ, ಒಂದೊಂದರಲ್ಲಿ ನೂರರ ಆಸುಪಾಸು ಜನ, ಒಂದೇ ತಾಳಕ್ಕೆ ಬೀಳುವ ಹುಟ್ಟು. ಬೆಳಗ್ಗೆಯಿಂದ ಸಣ್ಣ ದೋಣಿಗಳ ಪಂದ್ಯ, ಮಧ್ಯಾಹ್ನದ ಮೇಲೆ ಚುಂಡನ್. ಇಡೀ ದಿನ ಕಾದು ನೋಡುವ ಫೈನಲ್ ನಾಲ್ಕೂವರೆ ನಿಮಿಷದೊಳಗೆ ಮುಗಿದುಹೋಗುತ್ತೆ. ದೋಣಿಗೆ ಬಳಸೋ ‘ಆಂಞಿಲಿ’ ಮರ ನಮಗೆ ಹೊಸದಲ್ಲ, ನಮ್ಮ ಕಾಡಿನ ಹೆಬ್ಬಲಸೇ ಅದು. ನೂರಿನ್ನೂರು ರೂಪಾಯಿಯಿಂದ ಸಾವಿರಾರು ರೂಪಾಯಿವರೆಗೂ ಟಿಕೆಟ್ ಇದೆ. ಅಷ್ಟು ದೂರ ಆಗದವರಿಗೆ ಕಾಸರಗೋಡು ಜಿಲ್ಲೆಯಲ್ಲೇ, ನೀಲೇಶ್ವರ-ಚೆರುವತ್ತೂರು ಕಡೆ ತೇಜಸ್ವಿನಿ ಹೊಳೆಯಲ್ಲಿ ಉತ್ತರ ಮಲಬಾರ್ ಜಲೋತ್ಸವ ನಡೆಯುತ್ತೆ.

ನೋಡಿ ಬಂದವರ ಬಾಯಲ್ಲಿ ಸಹಜವಾಗಿ ಬರೋ ಮಾತು: ನಮ್ಮಲ್ಲೂ ಹೊಳೆ ಇದೆ, ನಾವ್ಯಾಕೆ ಮಾಡಬಾರದು? ನೆಹರು ಟ್ರೋಫಿಗೂ ಅಂಥ ಪುರಾತನ ಇತಿಹಾಸವೇನಿಲ್ಲ. 1952ರಲ್ಲಿ ನೆಹರು ಬಂದಾಗ ಅವರ ಮುಂದೆ ಓಡಿಸಿದ ದೋಣಿಗಳು, ಖುಷಿಯಾಗಿ ಅವರು ಕಳಿಸಿಕೊಟ್ಟ ಬೆಳ್ಳಿ ಟ್ರೋಫಿ, ಅಲ್ಲಿಂದ ಶುರು. ಆದರೆ ದೋಣಿ ಹೊಡೆಯುವ ಊರುಗಳು ಅದಕ್ಕೂ ಎಷ್ಟೋ ಮುಂಚಿನಿಂದ ಇದ್ದವು. ಆರನ್ಮುಳದ ಪಂಪಾ ನದಿಯಲ್ಲಿ ದೇವರ ಸೇವೆಯಾಗಿ ದೋಣಿ ಇಳಿಸೋ ಪದ್ಧತಿ ಬಹಳ ಹಳೇದು. ಆಲಪ್ಪುಳದ ನೀರು ಸಮತಟ್ಟಾದ ಹಿನ್ನೀರು, ಆಗಸ್ಟ್‌ನ ತುಂಗೆಯೋ ರಾಮಮಂಟಪ ಮುಳುಗಿಸಿ ಬಂಡೆಗಳ ಮೇಲೆ ಹಾರಿ ಹೋಗ್ತಿರುತ್ತೆ. ತೀರ್ಥಹಳ್ಳಿಯ ನೀರಿನ ಹಬ್ಬ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವ. ಹೊಳೆ ಇಳಿದ ಮೇಲೆ ಅದನ್ನು ಇಟ್ಟ ಹಿರಿಯರಿಗೆ ಹೊಳೆಯ ಗುಣ ಚೆನ್ನಾಗಿ ಗೊತ್ತಿತ್ತು.

ಅಗಲವಾದ ನಿಂತ ನೀರು ಬೇಕು ಅಂದರೆ ಇರೋದು ಸಾಗರ-ಹೊಸನಗರದ ಶರಾವತಿ ಹಿನ್ನೀರು. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆದ ಮೇಲೆ ಅಲ್ಲಿ ಲಾಂಚ್‌ಗೆ ಕಾದು ನಿಲ್ಲೋ ಅಗತ್ಯ ಹೋಯ್ತು. ದ್ವೀಪದ ಜನರಿಗೆ ಇದು ಅರವತ್ತು ವರ್ಷದ ಕಷ್ಟ ಕಳೆದಂತೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಾಯುವಾಗ ಟೀ ಕುಡಿಯುತ್ತಿದ್ದ, ಚುರುಮುರಿ ತಿನ್ನುತ್ತಿದ್ದ ಗಿರಾಕಿ ಈಗ ಕಾರಿನ ಗಾಜು ಏರಿಸಿಕೊಂಡೇ ದಾಟಬಹುದು. ದಡದ ಅಂಗಡಿಯವರ ಪಾಲಿಗೆ ನೀರಿನ ಮೇಲೆ ಏನಾದರೂ ಕಾರ್ಯಕ್ರಮ ಬೇಕು ಅನ್ನೋ ಬೇಡಿಕೆ ನ್ಯಾಯವಾದದ್ದೇ. ಕುಪ್ಪಳ್ಳಿಯಲ್ಲೂ ಇದೇ ಗೋಳು: ಟೂರ್ ಬಸ್ ಬರುತ್ತೆ, ಕವಿಮನೆ, ಕವಿಶೈಲ ನೋಡುತ್ತೆ, ಊಟಕ್ಕೆ ಮುಂದಿನ ಊರಿಗೆ ಹೋಗುತ್ತೆ. ಆಲಪ್ಪುಳದವರು ಗಿರಾಕಿಯನ್ನು ಬೆಳಗ್ಗೆಯಿಂದ ಸಂಜೆವರೆಗೆ ಕೂರಿಸಿಕೊಳ್ತಾರೆ, ವ್ಯಾಪಾರ ಆಗೋದು ಆ ಹೊತ್ತಲ್ಲಿ.

ಹಿನ್ನೀರಿಗೆ ಪಂದ್ಯ ತರೋದಾದರೆ ಮೊದಲು ಬೇಕಾದ್ದು ಲೈಫ್ ಜಾಕೆಟ್, ಮುಳುಗುಗಾರರು, ಒಂದು ದೋಣಿಗೆ ಎಷ್ಟು ಜನ ಅನ್ನೋ ಕಟ್ಟುನಿಟ್ಟು. 2016ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ತಾಲೂಕಿನ ಹಾಡೋನಹಳ್ಳಿಯಲ್ಲಿ ಗಣಪತಿ ಬಿಡಲು ಹೊಳೆಗಿಳಿದ ತೆಪ್ಪ ಮಗುಚಿ 12 ಜನ ಸತ್ತಿದ್ದನ್ನು ಜಿಲ್ಲೆ ಮರೆತಿಲ್ಲ. ದೋಣಿಯಲ್ಲೇ ಹುಟ್ಟಿ ಬೆಳೆದ ಕೇರಳದಲ್ಲೂ 2023ರ ಮೇ 7ರಂದು ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ ಪ್ರವಾಸಿ ಬೋಟ್ ಮುಳುಗಿ 22 ಜನ ಹೋದರು. ಪಂದ್ಯ ನೋಡಲು ಹೋಗುವ ನಮ್ಮವರಿಗೂ ಇದು ಅನ್ವಯ. ಕೆಲವು ಗ್ಯಾಲರಿಗೆ ದೋಣಿಯಲ್ಲೇ ಹೋಗಬೇಕು. ಗದ್ದಲದಲ್ಲಿ ‘ಇನ್ನಿಬ್ಬರು ಹತ್ತಿ’ ಅಂದಾಗ ಹತ್ತದೆ ಮುಂದಿನ ದೋಣಿಗೆ ಕಾದರೆ ಹೆಚ್ಚೆಂದರೆ ಒಂದು ಹೀಟ್ಸ್ ತಪ್ಪೀತು, ಅಷ್ಟೇ.