ಟೂರಿನ ಲೆಕ್ಕ, ಭಾಗ 3: ಎರಡನೇ ಟ್ರಿಪ್ಪಿನ ರೊಕ್ಕ ಮೊದಲೇ ತೆಗೆದಿಡ್ರಿ

🚤 1/4
ಡಿಸೆಂಬರ್ ಬಂತಂದ್ರ ನಮ್ಮ ಕಡೆ ಕಾಲೇಜ್ ಟೂರ್ ಸುರು. ಗೋಕರ್ಣ, ಮುರುಡೇಶ್ವರ, ಕಾರವಾರ, ಮಲ್ಪೆ. ಎಲ್ಲೇ ಹೋದ್ರೂ ಒಂದು ಬೋಟಿಂಗ್ ಇದ್ದೇ ಇರತೈತಿ. ಬಸ್ಸು ಚಲೋ ಐತೇನು, ರೂಮಿಗೆ ಎಷ್ಟು ಮಂದಿ, ಊಟ ಏನು ಅಂತ ವಾಟ್ಸಾಪ್ ಗ್ರೂಪಿನ್ಯಾಗ ವಾರಗಟ್ಟಲೆ ಚರ್ಚೆ ನಡೀತೈತಿ. ಬೋಟಿನ ಬಗ್ಗೆ ಮಾತ್ರ ಒಂದೇ ಪ್ರಶ್ನೆ: "ತಲಾ ಎಷ್ಟು?"

ನನ್ನ ಅಭಿಪ್ರಾಯ ಇಷ್ಟೇ. ದೋಣಿ ಮಗುಚೋದು ನೀರಿನ್ಯಾಗ. ಆದ್ರ ಅದಕ್ಕ ದಾರಿ ಮಾಡಿಕೊಡೋ ನಿರ್ಧಾರ ಬಹಳ ಸಲ ನಮ್ಮ ಬಜೆಟ್ ಹಾಳೆ ಮ್ಯಾಲೇ ಆಗಿರತೈತಿ.

🚤 2/4
2019ರ ಜನವರಿ 21, ಬನದ ಹುಣ್ಣಿಮೆ. ನಮ್ಮ ಮಂದಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗೋ ದಿನ. ಅದೇ ದಿನ ಕಾರವಾರದ ಹತ್ರ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಜಾತ್ರೆ ಮುಗಿಸಿ ದಂಡೆಗೆ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಹಾವೇರಿ ಕಡೆಯವರು ಬಹಳ. ನಮ್ಮಂಗ ಬಯಲುಸೀಮೆಯವರು, ಸಮುದ್ರದ ರೂಢಿ ಇಲ್ಲದವರು.

ಬೇರೆ ಕಡೆಯದೂ ನೋಡ್ರಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಮಂದಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲೆ ಪಿಕ್ನಿಕ್ಕಿಗೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಒಂದು ಸಮುದ್ರ, ಇನ್ನೊಂದು ಕೆರೆ. ಊರು ಬೇರೆ, ದೋಣಿ ಬೇರೆ. ಸುದ್ದಿಯೊಳಗ ಮತ್ತ ಮತ್ತ ಬಂದ ಮಾತು ಎರಡೇ: ಹಿಡಿಸೋದಕ್ಕಿಂತ ಹೆಚ್ಚು ಮಂದಿ, ಮೈಮ್ಯಾಲೆ ಇಲ್ಲದ ಲೈಫ್ ಜಾಕೆಟ್.

🚤 3/4
ದೋಣಿಯವನ ದುರಾಸೆ ಅಂತ ಬೈದು ಸುಮ್ಮನಾಗೋದು ಸುಲಭ. ಆದ್ರ ದಂಡೆ ಮ್ಯಾಲೆ ನಿಂತು "ಅಣ್ಣಾ, ಇನ್ನ ನಾಕ್ ಮಂದಿ ಅದೀವಿ, ಹೆಂಗರ ಅಡ್ಜಸ್ಟ್ ಮಾಡ್ರಿ" ಅನ್ನೋರು ಯಾರು? ನಾವೇ. ಹತ್ತು ಮಂದಿ ಕೂಡೋ ಕ್ರೂಸರಿನ್ಯಾಗ ಇಪ್ಪತ್ತು ಮಂದಿ ತುಂಬಿಕೊಂಡು ಜಾತ್ರೆಗೆ ಹೋಗಿ ಬಂದ ರೂಢಿ ನಮ್ಮದು. ರಸ್ತೆ ಮ್ಯಾಲೆ ಗಾಡಿ ನಿಲ್ಲಿಸಿ ಇಳೀಬಹುದು. ನೀರಿನ ನಡುವೆ ಇಳಿಯಾಕ ಜಾಗ ಇಲ್ಲ. ಮಂದಿ ಹೆಚ್ಚಾದಂಗ ದೋಣಿಯ ಅಂಚು ನೀರಿಗೆ ಹತ್ರ ಬರತೈತಿ. ಅದರ ಮ್ಯಾಲೆ ಎಲ್ಲರೂ ಎದ್ದು ನಿಂತು, ಸೆಲ್ಫಿಗಂತ ಒಂದೇ ಕಡೆ ವಾಲಿದ್ರ ಸಣ್ಣ ಅಲೆನೂ ಸಾಕು.

ಘಟಪ್ರಭಾ ದಂಡೆಯ ನಮ್ಮ ಹುಡುಗರದು ಇನ್ನೊಂದು ಮಾತು: "ನಮಗ ಈಜ ಬರತೈತಿ, ಜಾಕೆಟ್ ಯಾಕ?" ಹೊಳ್ಯಾಗ ಚಡ್ಡಿ ಹಾಕ್ಕೊಂಡು ಈಜೋದು ಬೇರೆ. ಜೀನ್ಸ್, ಬೂಟು ಹಾಕಿದಾಗ ದೋಣಿ ಮೈಮ್ಯಾಲೆ ಮಗುಚಿ, ಈಜು ಬರದ ಇಬ್ಬರು ಕೊರಳಿಗೆ ಬಿದ್ದಾಗ ಈಜೋದು ಬೇರೆ. ಪ್ರವಾಹದಾಗ ಮಂದೀನ ಉಳಿಸಾಕ ಬರೋ ಎನ್‌ಡಿಆರ್‌ಎಫ್‌ನವರಿಗೂ ಈಜು ಬರತೈತಿ. ಅವರು ಜಾಕೆಟ್ ಹಾಕದೇ ದೋಣಿ ಹತ್ತೂದಿಲ್ಲ.

🚤 4/4
ಈಗ ಲೆಕ್ಕ. ಬಿ.ಕಾಂ ಓದಿದ್ದಕ್ಕ ಇಷ್ಟರ ಉಪಯೋಗ ಆಗಲಿ. ದೋಣಿ ಮ್ಯಾಲೆ 20 ಮಂದಿ ಅಂತ ಬರದೈತಿ, ನಾವು 28 ಅಂದುಕೊಳ್ರಿ. ಎರಡನೇ ಟ್ರಿಪ್ಪಿಗೆ 2,000 ರೂಪಾಯಿ ಹೆಚ್ಚಿಗೆ ಕೇಳಿದ್ರೂ ತಲಾ 72 ರೂಪಾಯಿ ಮುಟ್ಟೂದಿಲ್ಲ. ಕಾಲು ಕಿಲೋ ಗೋಕಾಕ ಕರದಂಟಿಗೆ ಇದಕ್ಕಿಂತ ಹೆಚ್ಚು ಕೊಡ್ತೀವಿ. ಈ ರೊಕ್ಕ ಮನಿ ಬಿಡೋ ಮೊದಲೇ ತೆಗೆದಿಡಬೇಕು. ದಂಡೆ ಮ್ಯಾಲೆ ನಿಂತಾಗ ಯಾರ ಕಿಸೆನೂ ಬಿಚ್ಚೂದಿಲ್ಲ.

ರೊಕ್ಕದಂಗ ಟೈಮ್ ಕೂಡ ತೆಗೆದಿಡ್ರಿ. ಒಂದೇ ದಿನ ಐದು ಜಾಗ ತುರುಕಿದ್ರ ಬೋಟಿಂಗ್ ಸಂಜೆಗೆ ಬೀಳತೈತಿ. ತಾನೂರಿನ ದೋಣಿ ಮಗುಚಿದ್ದು ಹೊತ್ತು ಮುಳುಗಿದ ಮ್ಯಾಲೆ.

ಹತ್ತೋ ಮೊದಲು ಇಷ್ಟು ನೋಡ್ರಿ:
✅ ದೋಣಿ ಮ್ಯಾಲೆ ನೋಂದಣಿ ನಂಬರ್, ಎಷ್ಟು ಮಂದಿ ಅನ್ನೋದು ಬರದೈತೇನು? ಇಲ್ಲಂದ್ರ ಹತ್ತಬ್ಯಾಡ್ರಿ.
✅ ಜಾಕೆಟ್ ದಂಡೆ ಮ್ಯಾಲೇ ಹಾಕ್ಕೊಳ್ರಿ, ಎಲ್ಲಾ ಬಕಲ್ ಬಿಗೀರಿ. ಹೆಗಲ ಹತ್ರ ಹಿಡಿದು ಮ್ಯಾಲೆ ಎಳೆದಾಗ ಕಿವಿತನಕ ಬಂತಂದ್ರ ಸಡಿಲ ಐತಿ. ಮಕ್ಕಳಿಗೆ ಮಕ್ಕಳ ಸೈಜೇ ಬೇಕು.
✅ ಹತ್ತಿದವರ ಹೆಸರಿನ ಪಟ್ಟಿ ದಂಡೆ ಮ್ಯಾಲೆ ಉಳಿದ ಒಬ್ಬರ ಕೈಯಾಗ ಇರಲಿ.
✅ ಗಾಳಿ, ಮೋಡ ನೋಡಿ ದೋಣಿಯವರು ಬ್ಯಾಡ ಅಂದ್ರ ಜಗಳಕ್ಕ ನಿಲ್ಲಬ್ಯಾಡ್ರಿ.

"ಇದೆಲ್ಲ ಸರ್ಕಾರದ ಕೆಲಸ" ಅಂತೀರಿ. ಖರೇ. 2021ರ ಒಳನಾಡು ಹಡಗುಗಳ ಕಾಯ್ದೆ ಐತಿ, ಯಂತ್ರದ ದೋಣಿಗೆ ಸರ್ವೆ, ನೋಂದಣಿ ಬೇಕು ಅಂತೈತಿ. ಅಧಿಕಾರಿಗಳು ಅದನ್ನ ಮಾಡಲೇಬೇಕು, ನಾವು ಕೇಳಲೇಬೇಕು. ಆದ್ರ 21ನೇಯವನು ದೋಣಿಯೊಳಗ ಕಾಲಿಡೋ ಹೊತ್ತಿಗೆ ಅಲ್ಲಿ ಅಧಿಕಾರಿ ಇರೂದಿಲ್ಲ, ನಾವು ಇರ್ತೀವಿ.

ಕಡೀಗೆ ಒಂದು ವಿನಂತಿ. ಗುಂಪಿನ್ಯಾಗ ಒಬ್ಬಾಕಿ "ನಾ ಮುಂದಿನ ಟ್ರಿಪ್ಪಿಗೆ ಬರ್ತೀನಿ" ಅಂದ್ರ ಅಂಜುಬುರುಕಿ ಅಂತ ನಗಬ್ಯಾಡ್ರಿ. ಆಕಿ ಬಿಟ್ಟುಕೊಟ್ಟ ಜಾಗ ಕೂತವರ ಜೀವಕ್ಕೂ ಬೇಕಾದದ್ದು.

ನಿಮ್ಮ ಟೂರ್ ಲೀಡರಿಗೆ ಟ್ಯಾಗ್ ಮಾಡ್ರಿ. ಭಾಗ 4: ಬಸ್ಸಿನ ಲೆಕ್ಕ.

#ಟೂರಿನಲೆಕ್ಕ #ಮಸಗುಪ್ಪಿ #ಘಟಪ್ರಭಾ #ಕಾಲೇಜ್‌ಟೂರ್ #ಲೈಫ್‌ಜಾಕೆಟ್