ತರಂಗಂಬಾಡಿಯಲ್ಲಿ ಒಂದು ಹಗಲು

ಶಾಲೆಯಿಂದ ಪ್ರವಾಸದ ಚೀಟಿ ಮನೆಗೆ ಬಂದಾಗ ಪಾಲಕರು ಮೊದಲು ನೋಡುವುದು ಹಣದ ಮೊತ್ತವನ್ನು, ಆಮೇಲೆ ಸ್ಥಳಗಳ ಪಟ್ಟಿಯನ್ನು. ಪಟ್ಟಿ ಉದ್ದವಾಗಿದ್ದಷ್ಟೂ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬ ಸಮಾಧಾನ. ಮೂರು ದಿನಕ್ಕೆ ಹದಿನಾಲ್ಕು ಸ್ಥಳ! ಹೋಗಿ ಬಂದ ಮಗುವನ್ನು 'ಏನೇನು ನೋಡಿದೆಯಪ್ಪಾ?' ಎಂದು ಕೇಳಿದರೆ ನೆನಪಾಗುವುದು ಬಸ್ಸಿನಲ್ಲಿ ಹಾಡಿದ ಅಂತ್ಯಾಕ್ಷರಿ, ಘಾಟಿಯಲ್ಲಿ ವಾಂತಿ ಮಾಡಿಕೊಂಡ ಗೆಳೆಯ ಮತ್ತು ಯಾವುದೋ ಹೋಟೆಲಿನ ಪೂರಿ. ಕೋಟೆ, ದೇವಸ್ಥಾನ, ಅರಮನೆಗಳೆಲ್ಲ ಒಂದರೊಳಗೊಂದು ಕಲಸಿಹೋಗಿರುತ್ತವೆ. ತಪ್ಪು ಮಗುವಿನದಲ್ಲ. ಅರ್ಧ ಗಂಟೆಯಲ್ಲಿ ಕೋಟೆ ನೋಡಿ ಬಾ ಎಂದರೆ ದೊಡ್ಡವರಾದರೂ ಏನು ನೋಡಿಯಾರು?

ಇದಕ್ಕೆ ಬದಲಾಗಿ ಒಂದೇ ಊರು, ಒಂದೇ ಹಗಲು, ಒಂದೇ ಪ್ರಶ್ನೆ ಎಂದು ಹೊರಟು ನೋಡಬಹುದು. ಅಂಥ ಪ್ರವಾಸಕ್ಕೆ ಹೇಳಿ ಮಾಡಿಸಿದಂತಿರುವ ಊರು ತಮಿಳುನಾಡಿನ ಕಡಲ ದಂಡೆಯಲ್ಲಿರುವ ತರಂಗಂಬಾಡಿ. ಮಯಿಲಾಡುತುರೈಯಿಂದ ಸುಮಾರು 30 ಕಿಲೋಮೀಟರ್. ಕಾರೈಕಾಲ್ ಇಲ್ಲಿಂದ ತೆಂಕಣಕ್ಕೆ ಸಮೀಪ. ಇಂಗ್ಲಿಷರು, ಫ್ರೆಂಚರು, ಪೋರ್ಚುಗೀಸರು ಪಾಠ ಪುಸ್ತಕಗಳಲ್ಲಿ ಬರುತ್ತಾರೆ. ಡೆನ್ಮಾರ್ಕ್ ಎಂಬ ಪುಟ್ಟ ದೇಶದವರೂ ಭಾರತದಲ್ಲಿ 225 ವರ್ಷ ಠಾಣೆ ಹಾಕಿದ್ದರು ಎಂಬುದು ಅನೇಕ ವಿದ್ಯಾರ್ಥಿಗಳಿಗೆ ಹೊಸ ಸುದ್ದಿ. ಡೇನರು 'ಟ್ರಾಂಕೆಬಾರ್' ಎಂದು ಕರೆದ ಊರು ಇದೇ.

ಹೊರಡುವ ಮೊದಲು

ಕಾಲದ ಆಯ್ಕೆ ಮೊದಲು ಆಗಬೇಕು. ನಮ್ಮಲ್ಲಿ ಶಾಲಾ ಪ್ರವಾಸವೆಂದರೆ ನವೆಂಬರ್, ಡಿಸೆಂಬರ್. ಆದರೆ ಆ ಕರಾವಳಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ, ನಡುವೆ ಚಂಡಮಾರುತದ ಭಯ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಮಕ್ಕಳನ್ನು ಹಣ್ಣು ಮಾಡಿಬಿಡುತ್ತದೆ. ಜನವರಿ, ಫೆಬ್ರವರಿ ವಾಸಿ. ವಾರದ ದಿನಗಳಲ್ಲಿ ಶುಕ್ರವಾರವನ್ನು ಬಿಡಬೇಕು. ತಮಿಳುನಾಡು ಸರ್ಕಾರದ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಅಂದು ರಜೆ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ನಡೆಯುವುದರಿಂದ ಒಳಗೆ ಸುತ್ತಾಡುವುದು ಸರಿಯಲ್ಲ. ಹಾಗಾಗಿ ಶನಿವಾರ ಎಲ್ಲಕ್ಕಿಂತ ಅನುಕೂಲ.

ಮೈಸೂರಿನಿಂದ ಬೆಂಗಳೂರಿನ ಮೂಲಕ ಮಯಿಲಾಡುತುರೈ ಕಡೆಗೆ ರಾತ್ರಿ ರೈಲು ಉಂಟು. ಹೋಗುವುದಕ್ಕೆ ಒಂದು ರಾತ್ರಿ, ಬರುವುದಕ್ಕೆ ಒಂದು ರಾತ್ರಿ, ನಡುವೆ ಒಂದು ಪೂರ್ತಿ ಹಗಲು. ಲಾಡ್ಜಿನ ಖರ್ಚಿಲ್ಲ. ರೈಲಿನ ವೇಳೆ ಬದಲಾಗುತ್ತಿರುತ್ತದೆಯಾದ್ದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಹೊಸ ವೇಳಾಪಟ್ಟಿ ನೋಡಿಕೊಳ್ಳಬೇಕು. ಈ ಕೆಲಸವನ್ನು ಎಂಟನೇ, ಒಂಬತ್ತನೇ ತರಗತಿಯ ಮಕ್ಕಳಿಗೇ ಒಪ್ಪಿಸುವುದು ಒಳ್ಳೆಯದು. ರೈಲಿನ ಹೊತ್ತು, ಬಸ್ಸಿನ ಹೊತ್ತು, ಊಟದ ಖರ್ಚು ಎಲ್ಲವನ್ನೂ ಒಂದು ಹಾಳೆಯಲ್ಲಿ ಅವರೇ ಬರೆದು, ಕೂಡಿ, ಕಳೆದು ತರಲಿ. ಗಣಿತದ ಮೇಷ್ಟ್ರು ಕೊಡುವ ಲೆಕ್ಕಕ್ಕಿಂತ ಇದು ಹೆಚ್ಚು ಮನಸ್ಸಿಗೆ ಹತ್ತುತ್ತದೆ. ಮಯಿಲಾಡುತುರೈಯಿಂದ ಮುಂದೆ ಬಸ್ಸೇ ಗತಿ. 1926ರಲ್ಲಿ ತರಂಗಂಬಾಡಿಯವರೆಗೆ ಹಾಕಿದ್ದ ರೈಲು ದಾರಿ 1986ರಲ್ಲಿ ಮುಚ್ಚಿಹೋಯಿತು.

ಇನ್ನು ಪ್ರಶ್ನೆ. 'ಈ ಊರು ಯಾರದು?' ಎಂದು ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಮಗು ದೊಡ್ಡದಾಗಿ ಬರೆದುಕೊಳ್ಳಲಿ. ಹೋದ ಹೋದಲ್ಲಿ ಒಂದೊಂದು ಉತ್ತರ ಸಿಗುತ್ತದೆ. ಒಂದು ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ. ಪ್ರವಾಸದ ಲಾಭವಿರುವುದೇ ಅಲ್ಲಿ.

ಹೆಬ್ಬಾಗಿಲಿನಿಂದ ಕಡಲಿನವರೆಗೆ

ಊರೊಳಗೆ ಕಾಲಿಡುವುದು ಒಂದು ಬಿಳಿಯ ಹೆಬ್ಬಾಗಿಲಿನ ಮೂಲಕ. 1792ರಲ್ಲಿ ಮತ್ತೆ ಕಟ್ಟಿದ ಈ ಬಾಗಿಲಿನ ನೆತ್ತಿಯಲ್ಲಿ ಡೆನ್ಮಾರ್ಕಿನ ರಾಜಲಾಂಛನವಿದೆ. ಅಲ್ಲಿಂದ ಕಡಲವರೆಗೆ ಚಾಚಿರುವುದು ರಾಜಬೀದಿ. ಸಾವಕಾಶವಾಗಿ ನಡೆದರೂ ಹತ್ತು ಹದಿನೈದು ನಿಮಿಷದ ದಾರಿ. ಬೀದಿಯ ಇಕ್ಕೆಲಗಳಲ್ಲಿ ದಪ್ಪ ಗೋಡೆಯ ಹಳೆಯ ಬಂಗಲೆಗಳು, ಚರ್ಚುಗಳು, ಶಾಲೆಗಳು. ಡೇನರು ಹೋದ ಮೇಲೆ ವ್ಯಾಪಾರವೂ ರೈಲೂ ನಾಗಪಟ್ಟಣದ ಪಾಲಾದವು. ತರಂಗಂಬಾಡಿಯಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾರಲ್ಲೂ ಓಡಾಡಲಿಲ್ಲ. ಬೀದಿ ಉಳಿದುಕೊಂಡ ಗುಟ್ಟು ಇದು.

ಸೀದಾ ಕೋಟೆಗೆ ಓಡುವ ಬದಲು ಮೊದಲು ಕಡಲಂಚಿನ ಮಾಸಿಲಾಮಣಿನಾಥ ದೇವಾಲಯಕ್ಕೆ ಹೋಗುವುದು ಸರಿ. ಪಾಂಡ್ಯ ಅರಸ ಮಾರವರ್ಮ ಕುಲಶೇಖರನ ಕಾಲದಲ್ಲಿ, 1306ರಲ್ಲಿ ಕಟ್ಟಿದ ಶಿವಾಲಯ ಇದು. ಇದರ ಒಂದು ಭಾಗವನ್ನು ಕಡಲು ನುಂಗಿದೆ. ಉಳಿದುದನ್ನು ಈಚಿನ ವರ್ಷಗಳಲ್ಲಿ ದುರಸ್ತಿ ಮಾಡಲಾಗಿದೆ. ಡೇನರ ಹಡಗು ಬರುವುದಕ್ಕೆ 300 ವರ್ಷ ಮೊದಲೇ ಇಲ್ಲಿ ಊರಿತ್ತು, ಪೂಜೆಯಿತ್ತು, ಮೀನು ಹಿಡಿಯುವವರಿದ್ದರು ಎನ್ನುವುದಕ್ಕೆ ಈ ಕಲ್ಲುಗಳೇ ಸಾಕ್ಷಿ. ವಿದೇಶೀಯರು 'ಕಂಡುಹಿಡಿದ' ಊರು ಎಂಬ ಮಾತು ಎಲ್ಲಾದರೂ ಓದಿದ್ದರೆ ಮಗು ಅದನ್ನು ಇಲ್ಲಿ ನಿಂತು ಪರೀಕ್ಷಿಸಬಹುದು.

ಈಗ ಕೋಟೆ. ಡ್ಯಾನ್ಸ್‌ಬೋರ್ಗ್ ಎಂದು ಇದರ ಹೆಸರು. ಚಿತ್ರದುರ್ಗದ ಏಳು ಸುತ್ತು ನೋಡಿದ ಮಕ್ಕಳು 'ಇಷ್ಟೇನಾ?' ಎನ್ನಬಹುದು. ಇದು ರಾಜ್ಯವಾಳಲು ಕಟ್ಟಿದ ಕೋಟೆಯಲ್ಲ, ಮೆಣಸಿನ ಮೂಟೆ ಕಾಯಲು ಕಟ್ಟಿದ್ದು. 1616ರಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೇ ಕ್ರಿಶ್ಚಿಯನ್ನನ ಆಶ್ರಯದಲ್ಲಿ ಅವರದೊಂದು ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. 1620ರ ನವೆಂಬರಿನಲ್ಲಿ ಆ ದೊರೆಯ ನೌಕಾಧಿಕಾರಿ ಓವೆ ಗ್ಯೆಡ್ಡೆ ಮತ್ತು ತಂಜಾವೂರಿನ ರಘುನಾಥ ನಾಯಕನ ನಡುವೆ ಒಪ್ಪಂದವಾಯಿತು. ವರ್ಷ ವರ್ಷ ಗೇಣಿ ಕೊಟ್ಟು ಡೇನರು ಇಲ್ಲಿ ವ್ಯಾಪಾರ ಮಾಡಬಹುದು ಎಂದಾಯಿತು. ನಾಯಕ ಚಿನ್ನದ ಓಲೆಯ ಮೇಲೆ ತಮಿಳಿನಲ್ಲಿ ಬರೆಸಿ ಕಳಿಸಿದ ಪತ್ರ ಇಂದಿಗೂ ಕೋಪನ್‌ಹೇಗನ್ನಿನಲ್ಲಿದೆ. ಕೋಟೆಯ ಕೆಳ ಅಂತಸ್ತಿನಲ್ಲಿ ಉಗ್ರಾಣ, ಸೆರೆಮನೆ. ಮೇಲಂತಸ್ತಿನಲ್ಲಿ ಅಧಿಕಾರಿಗಳ ವಾಸ. ಈಗ ಒಳಗೆ ಒಂದು ಸಣ್ಣ ಸಂಗ್ರಹಾಲಯವಿದೆ.

ಮಕ್ಕಳಿಗೆ ರುಚಿಸುವ ಕಥೆಯೊಂದು ಈ ಕೋಟೆಯದು. ಡೆನ್ಮಾರ್ಕ್ ಯೂರೋಪಿನ ಯುದ್ಧಗಳಲ್ಲಿ ಸಿಕ್ಕಿಕೊಂಡು ಬಡವಾಯಿತು. 1640ರ ಹೊತ್ತಿಗೆ ನಿಂತುಹೋದ ಹಡಗುಗಳ ಸಂಚಾರ ಮತ್ತೆ ಶುರುವಾದದ್ದು 1669ರಲ್ಲಿ! ಅಷ್ಟು ವರ್ಷ ತಾಯ್ನಾಡಿನಿಂದ ಹಡಗಿಲ್ಲ, ಹಣವಿಲ್ಲ. ಕೊನೆಗೆ ಉಳಿದಿದ್ದ ಎಸ್ಕಿಲ್ಡ್ ಕೊಂಗ್ಸ್‌ಬಕ್ಕೆ ಎಂಬ ಸಾಮಾನ್ಯ ಮನೆತನದ ಮನುಷ್ಯ ಕೋಟೆಯನ್ನು ಬಿಟ್ಟುಕೊಡದೆ ಹಿಡಿದುಕೊಂಡು ಕೂತಿದ್ದ. ಸಮುದ್ರದ ಕಡೆಯ ಗೋಡೆಯ ಮೇಲೆ ನಿಂತು ಇಷ್ಟು ಕಥೆ ಹೇಳಿದರೆ ಸಾಕು, ಮಕ್ಕಳು ತಾವೇ ದೂರದಲ್ಲಿ ಹಡಗು ಹುಡುಕಲು ತೊಡಗುತ್ತಾರೆ.

ಆದರೆ ಕಥೆ ಅಲ್ಲಿಗೇ ನಿಲ್ಲಬಾರದು. ಈ ಕಡಲ ದಂಡೆಯಿಂದ ಮೆಣಸು, ಬಟ್ಟೆ ಮಾತ್ರ ಹೋಗಲಿಲ್ಲ. 17ನೇ ಶತಮಾನದಲ್ಲಿ ಗುಲಾಮರನ್ನೂ ಹಡಗೇರಿಸಿ ಮಾರಿದ್ದುಂಟು. ಬಿಳಿಯ ಬಂಗಲೆಗಳ ಅಂದ ನೋಡುವಾಗ ಈ ಮಾತನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯವಿಲ್ಲ. ಹತ್ತು ಹನ್ನೆರಡು ವರ್ಷದ ಮಗು ಇದನ್ನು ಅರ್ಥ ಮಾಡಿಕೊಳ್ಳಬಲ್ಲದು. ಸುಮ್ಮನೆ ಫೋಟೋ ತೆಗೆಸಿಕೊಂಡು ಬಂದರೆ ದೊಡ್ಡವನಾದ ಮೇಲೂ ಅದಕ್ಕೆ ಚರಿತ್ರೆಯೆಂದರೆ ಚಂದದ ಕಟ್ಟಡ ಎಂದೇ ಉಳಿದುಬಿಡುತ್ತದೆ.

ಮರಳಿನ ಮೇಲೆ ತಮಿಳು

ಮಧ್ಯಾಹ್ನದ ಬಿಸಿಲಿಗೆ ಚರ್ಚುಗಳ ತಂಪು ಹಿತ. ಜಿಯೋನ್ ಚರ್ಚು 1701ರದು, ನ್ಯೂ ಜೆರುಸಲೇಮ್ ಚರ್ಚು 1718ರದು. ಎರಡನೆಯದನ್ನು ಕಟ್ಟಿಸಿದ ಬಾರ್ತೊಲೊಮೇಯಸ್ ಝೀಗೆನ್‌ಬಾಲ್ಗ್ ಅದರೊಳಗೇ ಮಣ್ಣಾಗಿದ್ದಾನೆ. 1706ರ ಜುಲೈ 9ರಂದು ಇಲ್ಲಿ ಇಳಿದಾಗ ಈ ಜರ್ಮನ್ ಪಾದ್ರಿಗೆ 24ರ ಆಸುಪಾಸು. ಮತಪ್ರಚಾರಕ್ಕೆಂದೇ ಡೆನ್ಮಾರ್ಕಿನ ದೊರೆ ಕಳಿಸಿದ್ದ. ತಮಿಳಿನ ಒಂದಕ್ಷರ ಗೊತ್ತಿರಲಿಲ್ಲ. ಊರಿನ ಮಕ್ಕಳ ಜೊತೆ ಕೂತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದನಂತೆ. ನಮ್ಮ ಅಜ್ಜಂದಿರು ಕೂಲಿಮಠದಲ್ಲಿ ಓನಾಮ ಕಲಿತದ್ದೂ ಹೀಗೆಯೇ.

1707ರಲ್ಲಿ ಹೆಣ್ಣುಮಕ್ಕಳಿಗೂ ಶಾಲೆ ತೆರೆದ. ಲಂಡನ್ನಿನಿಂದ ಅಚ್ಚಿನ ಯಂತ್ರ, ಜರ್ಮನಿಯಿಂದ ತಮಿಳು ಮೊಳೆಗಳು ಬಂದವು. ಮೊಳೆಗಳು ತೀರ ದಪ್ಪ. ಕಾಗದ ಬಹಳ ಬೇಕಾಗುತ್ತಿತ್ತು. ವಿಲಾಯಿತಿಯಿಂದ ಬರುತ್ತಿದ್ದ ಚೀಸ್ ಡಬ್ಬಿಗಳ ಸೀಸವನ್ನು ಕರಗಿಸಿ ಸಣ್ಣ ಮೊಳೆ ಎರಕ ಹೊಯ್ದರು. 1715ರ ಹೊತ್ತಿಗೆ ತಮಿಳಿನ ಹೊಸ ಒಡಂಬಡಿಕೆ ಪೂರ್ತಿ ಅಚ್ಚಾಯಿತು.

ಅವನಿಗೂ ಕಂಪನಿಗೂ ಸರಿಹೊಂದಲಿಲ್ಲ. ಸಾಲದ ತಕರಾರೊಂದರಲ್ಲಿ ಬಡ ವಿಧವೆಯ ಪರ ನಿಂತದ್ದಕ್ಕೆ ಡೇನರ ಗವರ್ನರ್ 1708ರಲ್ಲಿ ಅವನನ್ನು ಇದೇ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆಯಿಟ್ಟ. ಇನ್ನೊಂದು ಕಡೆ, ಇಲ್ಲಿಯ ದೇವದೇವತೆಗಳ ಬಗ್ಗೆ ಕೇಳಿ ತಿಳಿದು 1713ರಲ್ಲಿ ಅವನು ಬರೆದ ಗ್ರಂಥವನ್ನು ಜರ್ಮನಿಯ ಹಿರಿಯರು ಅಚ್ಚು ಮಾಡಲೊಪ್ಪಲಿಲ್ಲ. ಅದು ಬೆಳಕು ಕಂಡದ್ದು 1867ರಲ್ಲಿ. ಅವನು 1719ರಲ್ಲೇ ತೀರಿಕೊಂಡಿದ್ದ. ಮತಾಂತರಕ್ಕೆ ಬಂದವನು, ಭಾಷೆಗೆ ಒಲಿದವನು, ಸೆರೆ ಕಂಡವನು ಮೂವರೂ ಒಬ್ಬನೇ. ಒಳ್ಳೆಯವನೋ ಕೆಟ್ಟವನೋ ಎಂದು ಮಕ್ಕಳು ಜಗಳಾಡಿದರೆ ಮೇಷ್ಟ್ರು ತೀರ್ಪು ಕೊಡಲು ಅವಸರ ಮಾಡಬಾರದು.

ಕನ್ನಡದ ಮಕ್ಕಳಿಗೆ ಇಲ್ಲಿ ಇನ್ನೆರಡು ಎಳೆಗಳು ಸಿಗುತ್ತವೆ. 1750ರಲ್ಲಿ ಇಲ್ಲಿಗೆ ಬಂದ ಶ್ವಾರ್ಟ್ಸ್ ಎಂಬ ಪಾದ್ರಿಯನ್ನು 1779ರಲ್ಲಿ ಮದರಾಸಿನ ಗವರ್ನರ್ ಸಂಧಾನಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೈದರಾಲಿಯ ಬಳಿಗೆ ಕಳಿಸಿದ್ದ. ಮರುವರ್ಷವೇ ಯುದ್ಧವಾಯಿತು. ಇನ್ನೊಂದು ಎಳೆ ಬಂಗಾಳದ ಸೆರಾಂಪುರದ್ದು. ಅದೂ ಡೇನರದೇ ಊರು. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿ.

ಕಂಪನಿಯ ಕಥೆ ಮುಗಿದದ್ದು ಒಂದು ಮಾರಾಟದಲ್ಲಿ. 1845ರಲ್ಲಿ ಡೇನರು ತರಂಗಂಬಾಡಿ, ಸೆರಾಂಪುರ ಎರಡನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿದರು. ಗೇಣಿಗೆ ಹಿಡಿದ ಊರನ್ನು ಒಕ್ಕಲು ಬಂದವನೇ ಮಾರಿದಂತಾಯಿತು. ಊರಲ್ಲಿದ್ದವರನ್ನು ಯಾರೂ ಕೇಳಲಿಲ್ಲ. 'ಈ ಊರು ಯಾರದು?' ಎಂಬ ಪ್ರಶ್ನೆಯನ್ನು ಈ ಹೊತ್ತಿಗೆ ಮತ್ತೊಮ್ಮೆ ತೆಗೆದು ನೋಡಬಹುದು.

ಈಗಿನವರ ಊರು

ಊಟ ಮುಗಿಸಿ, ಹೊರಡುವ ಮೊದಲು ಮೀನುಗಾರರ ಕೇರಿಯ ಕಡೆಗೊಂದು ಸುತ್ತು ಹೋಗಬೇಕು. ಬಲೆ ಹೆಣೆಯುವವರು, ದೋಣಿಗೆ ಬಣ್ಣ ಬಳಿಯುವವರು ಸಿಗುತ್ತಾರೆ. 2004ರ ಡಿಸೆಂಬರ್ 26ರ ಸುನಾಮಿ ಇಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ದಿನದ ನೆನಪುಳ್ಳವರು ಈಗಲೂ ಇದ್ದಾರೆ. ಅವರಾಗಿ ಹೇಳಿದರೆ ಕೇಳಬೇಕೇ ಹೊರತು ಕೆದಕಬಾರದು. ಕೇಳದೆ ಫೋಟೋ ತೆಗೆಯಬಾರದು. 'ತಣ್ಣಿ' ಎಂದರೆ ನೀರು, 'ಎಂಗೆ' ಎಂದರೆ ಎಲ್ಲಿ, 'ಎವ್ವಳವು' ಎಂದರೆ ಎಷ್ಟು ಎಂದು ನಾಲ್ಕು ತಮಿಳು ಮಾತು ಕಲಿತು ಹೋದರೆ ಮಾತು ತಾನೇ ಮುಂದುವರಿಯುತ್ತದೆ. 'ಅಣ್ಣಾ', 'ಅಕ್ಕಾ' ಎರಡೂ ಭಾಷೆಯಲ್ಲಿ ಒಂದೇ.

ಪಾಲಕರಿಗೂ ಶಿಕ್ಷಕರಿಗೂ ಕೆಲವು ಎಚ್ಚರಿಕೆಗಳು. ಸಮುದ್ರಕ್ಕೆ ಇಳಿಯುವ ಕಾರ್ಯಕ್ರಮವನ್ನು ಪಟ್ಟಿಯಲ್ಲೇ ಸೇರಿಸಬಾರದು. ಅಲೆ ತಡೆಯಲು ಪೇರಿಸಿರುವ ಬಂಡೆಗಳು ಜಾರುತ್ತವೆ, ಅವುಗಳ ಮೇಲೆ ಕುಣಿಯಲು ಬಿಡಬಾರದು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಇರಲಿ. ಊರು ಚಿಕ್ಕದು, ದೊಡ್ಡ ತಂಡಕ್ಕೆ ಊಟ ಸಿಗುವುದು ಕಷ್ಟ. ಪಕ್ಕದ ಪೊರೈಯಾರಿನ ಹೋಟೆಲಿಗೆ ಮೊದಲೇ ತಿಳಿಸಬೇಕು, ಇಲ್ಲವೆ ಬುತ್ತಿ ಕಟ್ಟಿಕೊಳ್ಳಬೇಕು. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ. ಪುಳಿಯೋಗರೆ, ಚಪಾತಿ ಆದೀತು. ಟೋಪಿ, ನೀರಿನ ಬಾಟಲಿ, ಬದಲಿ ಬಟ್ಟೆ ಮರೆಯಬಾರದು. ಸಂಜೆಯ ರೈಲಿಗೆ ಮೂರೂವರೆ ಗಂಟೆಗೆಲ್ಲ ಊರು ಬಿಡುವುದು ಕ್ಷೇಮ. ಹೊತ್ತು ಸಾಲದೆ ಒಂದು ಸ್ಥಳ ತಪ್ಪಿದರೆ ತಪ್ಪಲಿ, ಮಕ್ಕಳನ್ನು ದಬ್ಬಿಕೊಂಡು ಹೋಗಿ ತೋರಿಸುವುದು ಬೇಡ.

ವಾಪಸಿನ ರೈಲಿನಲ್ಲಿ ನಿದ್ದೆಗೆ ಮುಂಚೆ ಅರ್ಧ ಗಂಟೆ ಆ ಮೊದಲ ಪುಟಕ್ಕೆ ಮೀಸಲಿಡಬೇಕು. ಪಾಂಡ್ಯರದು, ನಾಯಕರದು, ಕಂಪನಿಯದು, ಪಾದ್ರಿಯದು, ಇಂಗ್ಲಿಷರದು, ಬಲೆ ಹೆಣೆಯುವ ಅಕ್ಕನದು ಎಂದು ಮಕ್ಕಳು ಬೇರೆ ಬೇರೆ ಉತ್ತರ ಬರೆಯುತ್ತಾರೆ. ಏಕೆ ಎಂದು ಎರಡು ಸಾಲು ಕಾರಣ ಕೊಟ್ಟಿದ್ದರೆ ಎಲ್ಲಕ್ಕೂ ಅಂಕ ಸಲ್ಲಬೇಕು.

ಅಷ್ಟು ದೂರದ ಪ್ರಯಾಣ ಈ ವರ್ಷ ಕೈಗೂಡದ ಮನೆಗಳೂ ಇರುತ್ತವೆ. ಬೆಂಗಳೂರಿನ ದಂಡು ಪ್ರದೇಶ, ಮಡಿಕೇರಿಯ ಕೋಟೆ, ಮಂಗಳೂರಿನ ಬಾಸೆಲ್ ಮಿಷನ್ನಿನ ಹಳೆಯ ಕಟ್ಟಡಗಳು ಬಸ್ಸಿನ ದಾರಿಯಲ್ಲೇ ಇವೆ. ಅದೇ ನೋಟ್‌ಪುಸ್ತಕ, ಅದೇ ಪ್ರಶ್ನೆ ಅಲ್ಲಿಗೂ ಸಾಕು. ಮುಂದಿನ ಭಾನುವಾರವೇ ಹೊರಡಬಹುದು.