ರಸ್ತೆಗೆ ಎರಡು ತುದಿ ಇವೆ

ನಮ್ಮ ಕೋಲಾರ ಜಿಲ್ಲೆಗೆ ದೊಡ್ಡ ರಸ್ತೆಯ ಬರ ಇಲ್ಲ. ಬೆಂಗಳೂರು–ಚೆನ್ನೈ ಹಳೆಯ ಹೆದ್ದಾರಿ ಕೋಲಾರ, ಮುಳಬಾಗಿಲು ಹಾದು ನಂಗಲಿ ಆಚೆ ಆಂಧ್ರ ಸೇರುತ್ತದೆ. ಅದು ಸಾಲದು ಅಂತ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಕಡೆಯಿಂದ ಎಕ್ಸ್‌ಪ್ರೆಸ್ ಹೆದ್ದಾರಿಯೂ ಬಂತು. ಒಟ್ಟು 262 ಕಿ.ಮೀ. ಹಾದಿಯಲ್ಲಿ ನಮ್ಮ ರಾಜ್ಯದ ಪಾಲು 71 ಕಿ.ಮೀ. ಬೇತಮಂಗಲದವರೆಗೆ 2024ರ ಡಿಸೆಂಬರಿನಿಂದ ಗಾಡಿ ಓಡುತ್ತಿವೆ. ರೈಲೂ ಇದೆ. ನಕ್ಷೆ ನೋಡಿದವರು, ಇಷ್ಟೆಲ್ಲ ಇದ್ದ ಮೇಲೆ ಈ ರೈತರು ಮಾಲು ಸಾಗಿಸಲಾರದೆ ಯಾಕೆ ಒದ್ದಾಡ್ತಾರೆ ಅಂತ ಕೇಳಿಯಾರು.

ಸಾಗಾಣಿಕೆ ಅನ್ನೋದು ಮರದ ಬುಡದಲ್ಲಿ ಶುರುವಾಗಿ ಕೊಳ್ಳುವವನ ಬಾಗಿಲಲ್ಲಿ ಮುಗಿಯುತ್ತದೆ. ಸರ್ಕಾರಗಳು ಇದರ ನಡುವಿನ ತುಂಡನ್ನು ಮಾತ್ರ ಚೆನ್ನಾಗಿ ಮಾಡುತ್ತಾ ಬಂದಿವೆ. ಎರಡು ತುದಿಗಳನ್ನು ಕೈಬಿಟ್ಟಿವೆ. ನಮ್ಮ ದುಡ್ಡು ಸೋರಿ ಹೋಗೋದು ಆ ಎರಡು ತುದಿಗಳಲ್ಲೇ.

ಮೊದಲು ಹೊಲದ ತುದಿ ನೋಡೋಣ. ಶ್ರೀನಿವಾಸಪುರ ತಾಲೂಕಿನಲ್ಲಿ ನನ್ನ ಮಾವಿನ ತೋಪಿನಿಂದ ಡಾಂಬರಿಗೆ ಒಂದೂವರೆ ಕಿ.ಮೀ. ಮಣ್ಣಿನ ಜಾಡು. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಆದರೆ ತೋತಾಪುರಿ ಕೊಯ್ಲಿಗೆ ಬರೋದು ಜೂನ್, ಜುಲೈನಲ್ಲಿ, ಮಳೆ ಶುರುವಾದ ಮೇಲೆ. ಎರಡು ಹದ ಮಳೆ ಬಿದ್ದರೆ ಕೆಂಪು ಮಣ್ಣು ಅಂಟಿನ ಹಾಗೆ ಹಿಡಿದುಕೊಳ್ಳುತ್ತೆ, ಟೆಂಪೋದವನು ಡಾಂಬರು ಬಿಟ್ಟು ಇಳಿಯೋದಿಲ್ಲ. ಆಗ ತೋಪಿನಿಂದ ಟ್ರ್ಯಾಕ್ಟರಿಗೆ ತುಂಬಬೇಕು, ರಸ್ತೆ ಬದಿಯಲ್ಲಿ ಇಳಿಸಬೇಕು, ಮತ್ತೆ ಟೆಂಪೋಗೆ ತುಂಬಬೇಕು. ಎರಡು ಬಾಡಿಗೆ, ಎರಡು ಕೂಲಿ. ಹಣ್ಣಿಗೆ ಎರಡು ಸಲ ಪೆಟ್ಟು. ಮಂಡಿಯಲ್ಲಿ ಕಾಯಿ ಮೇಲೆ ಕಲೆ ಕಂಡರೆ ಬೆಲೆ ಇಳಿಸುತ್ತಾರೆ, ಅದು ವ್ಯಾಪಾರ, ತಪ್ಪೇನಲ್ಲ. ಆದರೆ ಆ ಕಲೆ ನನ್ನ ಮರದ್ದಲ್ಲ, ಆ ಒಂದೂವರೆ ಕಿಲೋಮೀಟರಿನದು.

ಗ್ರಾಮ ನಕಾಶೆ ತೆಗೆಸಿ ನೋಡಿದರೆ ಅದರಲ್ಲಿ ಬಂಡಿದಾರಿ ಇದೆ. ನೆಲದ ಮೇಲೆ ಇಲ್ಲ. ಆ ಕಡೆಯವರು ವರ್ಷಕ್ಕೊಂದು ಸಾಲು, ಈ ಕಡೆಯವರು ಒಂದು ಸಾಲು ಅಂತ ಉಳುತ್ತಾ ಬಂದು, ಜೋಡೆತ್ತಿನ ಬಂಡಿ ಎದುರುಬದುರು ಹೋಗುತ್ತಿದ್ದ ಜಾಗದಲ್ಲಿ ಈಗ ಒಂದು ಟಿವಿಎಸ್ ಮೊಪೆಡ್ಡು ಹೋಗುತ್ತೆ. ಇದರ ಬಗ್ಗೆ ಒಂದು ಕಚೇರಿಗೆ ಅರ್ಜಿ ಹಿಡಿದು ಮೂರು ವರ್ಷ ತಿರುಗಿದ್ದೇನೆ. ಸರ್ವೇಯರು ಬರಬೇಕು ಅಂದರು. ಸರ್ವೇಯರು ಬಂದಾಗ ಬೆಳೆ ನಿಂತಿದೆ ಅಂದರು. ಬೆಳೆ ಕುಯ್ದಾಗ ಸರ್ವೇಯರಿಗೆ ವರ್ಗವಾಗಿತ್ತು.

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಬಂತು. ಒಳ್ಳೆಯ ಯೋಜನೆ, ನಮ್ಮೂರಿಗೆ ಬಸ್ಸು ಬಂದದ್ದು ಅದರಿಂದಲೇ. ಆದರೆ ಅದು ಲೆಕ್ಕ ಹಿಡಿಯೋದು ಜನವಸತಿಯನ್ನು. ಐನೂರು ಜನ ಇದ್ದ ಕಡೆಗೆ ರಸ್ತೆ. ಐನೂರು ಮಾವಿನ ಮರ ಇದ್ದ ಕಡೆಗಲ್ಲ. ಆಮೇಲೆ ಉದ್ಯೋಗ ಖಾತರಿಯಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಅಂತ ಮಾಡಿದರು. ಹೆಸರು ಕೇಳಿ ಖುಷಿಯಾಯ್ತು. ಆ ಯೋಜನೆಯಲ್ಲಿ ನೂರಕ್ಕೆ ಅರವತ್ತು ಕೂಲಿಗೆ ಹೋಗಬೇಕು, ಸಾಮಗ್ರಿಗೆ ನಲವತ್ತು ಮೀರಬಾರದು ಅಂತ ಕಟ್ಟಳೆ ಇತ್ತು. ಹೀಗಾಗಿ ನಮ್ಮ ಕಡೆ ಮಣ್ಣು ಎಳೆದಿದ್ದೇ ಆಯ್ತು, ಮೋರಿಗೆ, ಜಲ್ಲಿಗೆ ದುಡ್ಡು ಉಳಿಯಲಿಲ್ಲ. ಮೋರಿ ಇಲ್ಲದ ದಾರಿ ಮೊದಲ ದೊಡ್ಡ ಮಳೆಗೆ ಹಳ್ಳ ಆಗುತ್ತೆ. ದಾರಿ ಮಾಡುವವರು ಡಾಂಬರಿನ ಆಸೆ ಬಿಟ್ಟು ನೀರು ದಾಟುವ ಜಾಗಕ್ಕೆ ಎರಡು ಸಿಮೆಂಟು ಕೊಳವೆ ಇಟ್ಟು, ಪಕ್ಕದಲ್ಲಿ ಚರಂಡಿ ತೋಡಿ, ಮೇಲೆ ಗೊಚ್ಚು ಹಾಕಿ ಅದುಮಿದರೆ ನಮಗೆ ಹತ್ತು ವರ್ಷ ಸಾಕು.

ಟೊಮೆಟೊ ಬೆಳೆಯುವವರ ಪಾಡು ಇನ್ನೂ ಸೂಕ್ಷ್ಮ. ಮಾವು ಒಂದು ದಿನ ತಡೆದೀತು, ಹಣ್ಣಾದ ಟೊಮೆಟೊ ತಡೆಯೋದಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರಲು ಶುರುವಾದ ಮೇಲೆ ಕೋಲಾರದ ಸುತ್ತ ಕೆಲವರ ಬತ್ತಿದ ಬೋರ್‌ವೆಲ್ಲಿಗೆ ಜೀವ ಬಂತು, ತರಕಾರಿ ಹೆಚ್ಚಿತು. ಕೋಲಾರದ ಎಪಿಎಂಸಿ ಟೊಮೆಟೊ ಮಂಡಿ ಏಷ್ಯಾದ ದೊಡ್ಡವುಗಳಲ್ಲಿ ಒಂದು ಅಂತ ನಾವು ಹೆಮ್ಮೆ ಪಡುತ್ತೇವೆ. ಸುಗ್ಗಿಯಲ್ಲಿ ಅಲ್ಲಿಗೆ ಹೋಗಿ ನೋಡಿ, ಒಳಗೆ ಜಾಗ ಇಲ್ಲದೆ ಟೆಂಪೋಗಳು ಸಾಲುಗಟ್ಟಿ ನಿಂತಿರುತ್ತವೆ. ಮುಳಬಾಗಿಲು ತಾಲೂಕಿನಲ್ಲಿ ಹೆದ್ದಾರಿ ಪಕ್ಕದ ವಡ್ಡಹಳ್ಳಿ ಮಂಡಿ ಇರದಿದ್ದರೆ ಆ ಕಡೆಯವರೂ ಇಲ್ಲೇ ಬಂದು ನಿಲ್ಲಬೇಕಿತ್ತು. 15 ಕಿಲೋ ಬಾಕ್ಸು 2023ರ ಜುಲೈನಲ್ಲಿ ಎರಡು ಸಾವಿರ ರೂಪಾಯಿ ದಾಟಿತು. ಅದೇ ಬಾಕ್ಸು ಅರವತ್ತು ರೂಪಾಯಿಗೂ ಹೋಗಿದೆ. ಎರಡೂ ದಿನ ಬಾಡಿಗೆ, ಹಮಾಲಿ ಅಷ್ಟೇ. ಎರಡು ಸಾವಿರದಲ್ಲಿ ಅದು ಕಾಣೋದಿಲ್ಲ, ಅರವತ್ತರಲ್ಲಿ ಅದೇ ಕೊರಳಿಗೆ ಉರುಳು. ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಹೋಗುವವರನ್ನು ಪೇಟೆಯವರು ಬೈಯುತ್ತಾರೆ. ಅವರಿಗೆ ಈ ಲೆಕ್ಕ ಗೊತ್ತಿಲ್ಲ.

ನಡುವಿನ ತುಂಡಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಎಕ್ಸ್‌ಪ್ರೆಸ್ ಹೆದ್ದಾರಿಗೆ ಟ್ರ್ಯಾಕ್ಟರು, ಬೈಕು ಹತ್ತುವ ಹಾಗಿಲ್ಲ. ವೇಗದ ರಸ್ತೆ, ಆ ನಿಯಮ ಸರಿಯೇ. ಆದರೆ ಮಾಲೂರಿನ ಸೊಪ್ಪು, ಹೂವಿನವರು ಬೆಳಗಿನ ಜಾವ ಹೊರಡೋದು ಬೈಕಿನ ಹಿಂದೆ ಮೂಟೆ ಕಟ್ಟಿಕೊಂಡು. ಅವರಿಗೆ ಆ ರಸ್ತೆ ನೋಡೋದಕ್ಕೆ ಮಾತ್ರ.

ತುದಿ ಮುಟ್ಟಿಸಬೇಕು ಅಂತ ಮನಸ್ಸಿದ್ದರೆ ಮುಟ್ಟಿಸಬಹುದು ಅನ್ನೋದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಚಿನ್ನದ ಗಣಿಗಾಗಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲೇ ರೈಲು ಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಗಣಿಗೆ! ಗಣಿಯ ಬಾಯಿಂದ ಹೊರಗಿನ ಲೋಕದವರೆಗೆ ಎಲ್ಲೂ ತುಂಡಾಗದ ಹಾದಿ. ಗಣಿ 2001ರಲ್ಲಿ ಮುಚ್ಚಿತು. ಮಾವು, ಟೊಮೆಟೊ, ರಾಗಿ ನಾವು ಇನ್ನೂ ಬೆಳೆಯುತ್ತಲೇ ಇದ್ದೇವೆ.

ಇನ್ನು ಎರಡನೇ ತುದಿ, ಕೊಳ್ಳುವವನ ಬಾಗಿಲು. ಇದರ ಬೆಲೆ ಏನು ಅಂತ 2025ರಲ್ಲಿ ತಿಳಿಯಿತು. ನಮ್ಮ ತೋತಾಪುರಿ ಹೆಚ್ಚಾಗಿ ಹೋಗೋದು ಚಿತ್ತೂರು ಜಿಲ್ಲೆಯ ಪಲ್ಪ್ ಕಾರ್ಖಾನೆಗಳಿಗೆ. ಆ ವರ್ಷ ಜೂನ್ 7ರಂದು ಅಲ್ಲಿಯ ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬಿಡಬಾರದು ಅಂತ ಆದೇಶ ಹೊರಡಿಸಿ, ಗಡಿಯಲ್ಲಿ ಗಾಡಿ ತಡೆಯಿತು. ಹೆದ್ದಾರಿ ಇತ್ತು, ಲಾರಿ ಇತ್ತು, ಡೀಸೆಲ್ ಇತ್ತು, ಕಾಯಿ ಮಾತ್ರ ಹೋಗಲಿಲ್ಲ. ಬೆಲೆ ಕೊಯ್ಲಿನ ಕೂಲಿಗೂ ಸಾಲದಷ್ಟು ಬಿತ್ತು. ಜೂನ್ 11ರಂದು ಶ್ರೀನಿವಾಸಪುರ ಬಂದ್ ಆಯಿತು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಕಾಗದ ಬರೆದರು. ಕಡೆಗೆ ಕೇಂದ್ರ, ಕ್ವಿಂಟಾಲಿಗೆ 1,616 ರೂಪಾಯಿ ದರ ಹಿಡಿದು ಎರಡೂವರೆ ಲಕ್ಷ ಟನ್ನಿನವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು.

ಆಂಧ್ರದ ರೈತರನ್ನು ನಾನು ದೂರೋದಿಲ್ಲ. ಗಡಿ ಆಚೆ ಇರೋರೂ ನಮ್ಮ ನೆಂಟರೇ, ಅವರ ಬೆಲೆಯೂ ಬಿದ್ದಿತ್ತು. ನನ್ನ ಪ್ರಶ್ನೆ ನಮ್ಮವರಿಗೆ. ಶ್ರೀನಿವಾಸಪುರ ಮಾವಿನ ತವರು ಅಂತ ಭಾಷಣ ಕೇಳಿ ಕಿವಿ ತೂತಾಗಿದೆ. ನಮ್ಮ ಮಾವೆಲ್ಲ ಒಂದೇ ದಿಕ್ಕಿನ ಒಂದು ಬಾಗಿಲನ್ನು ನಂಬಿ ಯಾಕೆ ಕೂರಬೇಕಾಯ್ತು? ಪಲ್ಪ್ ಕಾರ್ಖಾನೆ ನಮ್ಮ ತಾಲೂಕಿನಲ್ಲಿ ಸಾಕಷ್ಟು ಇದ್ದಿದ್ದರೆ ಹೋಗಬೇಕಾದ್ದು ಡಬ್ಬಿಯ ರಸ, ಕೊಳೆಯುವ ಕಾಯಿ ಅಲ್ಲ. ರಸ ಎಷ್ಟು ದಿನ ಬೇಕಾದರೂ ಕಾಯುತ್ತೆ.

ಆಫ್ರಿಕಾದ ಜಾಂಬಿಯಾ ದೇಶಕ್ಕೂ ಇದೇ ಆಗಿತ್ತು. ಸಮುದ್ರ ಇಲ್ಲದ ನಾಡು, ತಾಮ್ರವೇ ಜೀವಾಳ. 1973ರಲ್ಲಿ ದಕ್ಷಿಣದ ನೆರೆಯ ರೊಡೇಷಿಯಾ ಗಡಿ ಮುಚ್ಚಿತು. ಅವರು ಆ ಮೊದಲೇ ಎಚ್ಚೆತ್ತು ಪೂರ್ವಕ್ಕೆ, ತಾಂಜಾನಿಯಾದ ದಾರ್-ಎಸ್-ಸಲಾಮ್ ಬಂದರಿಗೆ, ಚೀನಾದ ಸಹಾಯದಿಂದ 1,860 ಕಿ.ಮೀ. ರೈಲು ಹಾಕಲು ಶುರುಮಾಡಿದ್ದರು. 1975ರಲ್ಲಿ ಹಳಿ ಮುಗಿಯಿತು. ಮುಂದೆ ದುರಸ್ತಿ, ಇಂಜಿನ್ ಸಾಲದೆ ಆ ರೈಲು ಸೊರಗಿದ್ದು ಬೇರೆ ಕತೆ. ಎರಡನೇ ಬಾಗಿಲು ಬೇಕು ಅಂತ ಅವರಿಗೆ ಹೊಳೆದಿತ್ತು ಅನ್ನೋದಷ್ಟೇ ನನ್ನ ಮಾತು.

ನಮಗೆ ಹೊಸ ಹಳಿ ಬೇಕಿಲ್ಲ. ಬಂಗಾರಪೇಟೆ–ಕೋಲಾರ ಸಣ್ಣ ರೈಲು ಬಂದದ್ದು 1913ರಲ್ಲಿ. ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರಕ್ಕೆ ದೊಡ್ಡ ಹಳಿ 2013ರಲ್ಲಿ ಆಯಿತು. 2021ರ ಜೂನಿನಲ್ಲಿ ಇದೇ ಮಾರ್ಗದಿಂದ ದೆಹಲಿಗೆ ಮಾವು ಹೊತ್ತ ಕಿಸಾನ್ ರೈಲು ಹೋಯಿತು, ಆಗ ಬಾಡಿಗೆಯಲ್ಲಿ ಅರ್ಧ ರಿಯಾಯಿತಿ ಇತ್ತು. ಆದರೆ ಎರಡು ಟನ್ ಕಾಯಿ ಇರುವ ನನ್ನಂಥವನು ದೆಹಲಿಯಲ್ಲಿ ಇಳಿಸಿಕೊಳ್ಳೋರು ಯಾರು ಅಂತ ಗೊತ್ತಿಲ್ಲದೆ ರೈಲಿಗೆ ಹೇಗೆ ಹಾಕಲಿ? ಇಲ್ಲಿ ಕೂಡಿಹಾಕಿ ವಿಂಗಡಿಸಲು ಒಂದು ಶೆಡ್ಡು, ಅಲ್ಲಿ ನಮ್ಮ ಪರವಾಗಿ ಮಾರಲು ಒಬ್ಬ ಮನುಷ್ಯ, ಇವೆರಡನ್ನು ಬೆಳೆಗಾರರ ಸಂಘಗಳೇ ಮಾಡಬೇಕು. ರೈಲ್ವೆಯವರು ಇದನ್ನು ಮಾಡಿಕೊಡೋದಿಲ್ಲ, ಮಾಡಬೇಕಾಗಿಯೂ ಇಲ್ಲ.

ಹೊಲದ ತುದಿಗೆ ಸಂಬಂಧಿಸಿ ಈಗಲೇ ಆಗುವ ಕೆಲಸ ಒಂದಿದೆ. 2023ರಲ್ಲಿ ಕಂದಾಯ ಇಲಾಖೆ, ಹೊಲಕ್ಕೆ ಹೋಗುವ ದಾರಿ ಅಡ್ಡಗಟ್ಟಿದ್ದರೆ ತಹಶೀಲ್ದಾರರು ಬಿಡಿಸಿಕೊಡಬೇಕು ಅಂತ ಸುತ್ತೋಲೆ ಕಳಿಸಿದೆ. ಭೂ ಕಂದಾಯದ ಕಾನೂನಿನಲ್ಲೂ ಇದಕ್ಕೆ ಆಧಾರ ಇದೆ. ಒಬ್ಬೊಬ್ಬರೇ ಹೋದರೆ ನನ್ನ ಹಾಗೆ ತಿರುಗಬೇಕಾಗುತ್ತೆ. ಒಂದೇ ಜಾಡು ಬಳಸುವ ಎಂಟು ಹತ್ತು ಮನೆಯವರು ಸೇರಿ, ಗ್ರಾಮ ನಕಾಶೆಯ ನಕಲು, ಎಲ್ಲರ ಪಹಣಿ, ಸರ್ವೆ ನಂಬರು ಹಾಕಿ ಒಂದೇ ಅರ್ಜಿ ಕೊಡಿ. ಸ್ವೀಕೃತಿ ಬರೆಸಿಕೊಳ್ಳೋದು ಮರೆಯಬೇಡಿ. ರಾಗಿ ಕಟಾವಾಗಿ ನೆಲ ಖಾಲಿ ಇರುವಾಗ ಅಳತೆಗೆ ಕರೆಸಿ. ಉಳುಮೆ ಶುರುವಾದ ಮೇಲೆ ಸರ್ವೇಯರು ಬಂದರೂ ಪ್ರಯೋಜನವಿಲ್ಲ.